ಸಮುದ್ರದ ಕಸ ಎತ್ತಲು ಮುಳುಗುವವರಿದ್ದಾರೆ, ನಮ್ಮ ಕಾವೇರಿಯ ಮಡುವಿಗೆ ಯಾರಿದ್ದಾರೆ?

ಸಮುದ್ರದ ತಳಕ್ಕೆ ಇಳಿದು ಕಸ ಎತ್ತುವವರ ವಿಡಿಯೋ ನಿಮ್ಮ ಫೋನಿಗೂ ಯಾವತ್ತಾದರೂ ಬಂದಿರುತ್ತದೆ. ಬೆನ್ನ ಮೇಲೆ ಗಾಳಿ ತುಂಬಿದ ಸಿಲಿಂಡರ್, ಮುಖಕ್ಕೆ ಗಾಜಿನ ಮಾಸ್ಕ್, ಕಾಲಿಗೆ ಬಾತುಕೋಳಿ ಪಾದದಂಥ ಅಗಲ ಪಟ್ಟಿ, ಕೈಯಲ್ಲೊಂದು ಚೀಲ. ಹವಳದ ಸಂದಿಯಲ್ಲಿ ಸಿಕ್ಕಿಕೊಂಡ ಹಳೆ ಬಲೆಯನ್ನು ಮೆಲ್ಲಗೆ ಕೊಯ್ದು ಚೀಲಕ್ಕೆ ತುಂಬುತ್ತಾರೆ. ಪಕ್ಕದಲ್ಲೇ ಒಂದು ಆಮೆ ತೇಲಿಕೊಂಡು ಹೋಗುತ್ತದೆ. ನಾವು ಒಂದು ಲೈಕ್ ಒತ್ತಿ ಮುಂದಕ್ಕೆ ಸರಿಸುತ್ತೇವೆ. ಯಾಕೆಂದರೆ ಸಮುದ್ರ ನಮಗೆ ದೂರ. ಕೊಳ್ಳೇಗಾಲ, ಹನೂರು, ಯಳಂದೂರಿನ ಎಷ್ಟೋ ಮಂದಿ ಸಮುದ್ರ ನೋಡಿರುವುದು ಧರ್ಮಸ್ಥಳದ ಪ್ರವಾಸದ ಜೊತೆ ಮುರ್ಡೇಶ್ವರಕ್ಕೆ ಹೋದಾಗ ಮಾತ್ರ.

ಆದರೆ ಆ ವಿಡಿಯೋದಲ್ಲಿ ಇರುವುದು ನಮ್ಮ ಊರಿಗೂ ಬೇಕಾದ ವಿಷಯ ಅನ್ನುವುದು ನಮ್ಮ ಅಭಿಪ್ರಾಯ. ಕಾವೇರಿಗೂ ತಳ ಇದೆ. ಆ ತಳದಲ್ಲೂ ಬಲೆ ಇದೆ, ಬಾಟಲಿ ಇದೆ, ಬಟ್ಟೆ ಇದೆ. ಅದನ್ನು ಎತ್ತಲು ನಮಗೆ ಸಿಲಿಂಡರ್ ಬೇಕಿಲ್ಲ. ಬೇಕಿರುವುದು ಮೂರು: ಬೇಸಿಗೆಯ ಸರಿಯಾದ ಕೆಲವು ದಿನ, ನದಿ ಗೊತ್ತಿರುವ ತೆಪ್ಪದವರಿಗೆ ಮತ್ತು ಮೀನುಗಾರರಿಗೆ ನ್ಯಾಯವಾದ ಕೂಲಿ, ಮತ್ತೆ ಒಂದು ಲೆಕ್ಕದ ಪುಸ್ತಕ. ಯಾಕೆ ಹೀಗೆ ಹೇಳುತ್ತಿದ್ದೇವೆ ಅಂತ ಒಂದೊಂದಾಗಿ ಬರೆಯುತ್ತೇವೆ.

ಮೊದಲು ನೇತ್ರಾಣಿಯ ಮಾತು

ಕರ್ನಾಟಕದಲ್ಲಿ ಸ್ಕೂಬಾ ಡೈವಿಂಗ್ ಅಂದ ಕೂಡಲೇ ಬರುವ ಹೆಸರು ನೇತ್ರಾಣಿ. ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿಗೆ ಸೇರಿದ ಸಣ್ಣ ನಡುಗಡ್ಡೆ ಅದು. ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ, ದೋಣಿಯಲ್ಲೇ ಹೋಗಬೇಕು. ಮೇಲಿಂದ ನೋಡಿದರೆ ಹೃದಯದ ಆಕಾರ. ಹಿಂದೆ ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಅದನ್ನು ಬಳಸುತ್ತಿದ್ದರು. ಈಗ ಮಳೆಗಾಲ ಕಳೆದ ಮೇಲೆ ಬೇಸಿಗೆ ಮುಗಿಯುವವರೆಗೂ ಅಲ್ಲಿ ಡೈವಿಂಗ್ ನಡೆಯುತ್ತದೆ. ‘ಗಂಧದ ಗುಡಿ’ ಚಿತ್ರ 2022ರ ಅಕ್ಟೋಬರ್‌ನಲ್ಲಿ ತೆರೆಗೆ ಬಂದಾಗ ನಮ್ಮ ಅಪ್ಪು ನೀರೊಳಗೆ ಇಳಿದು ಮೀನಿನ ಹಿಂಡು ನೋಡುವ ದೃಶ್ಯವನ್ನು ನೀವೆಲ್ಲ ನೋಡಿದ್ದೀರಿ. ಆ ಜಾಗ ಇದೇ.

ಅಲ್ಲಿ ಹವಳದ ದಿಬ್ಬಗಳಿವೆ. ಹವಳ ಅಂದರೆ ಉಂಗುರಕ್ಕೆ ಹಾಕಿಸುವ ಕೆಂಪು ಕಲ್ಲು ಅಂತಲೇ ನಮಗೆ ಗೊತ್ತು. ಅಸಲಿಗೆ ಅದು ಜೀವಿ. ಸಣ್ಣ ಸಣ್ಣ ಜೀವಿಗಳು ಸಾವಿರಾರು ಒಟ್ಟಿಗೆ ಸೇರಿ ಸುಣ್ಣದ ಗೂಡು ಕಟ್ಟಿಕೊಂಡು ಬೆಳೆಯುತ್ತವೆ. ಕಾಡಿನಲ್ಲಿ ದೊಡ್ಡ ಮರ ಇದ್ದ ಹಾಗೆ ಸಮುದ್ರದಲ್ಲಿ ಹವಳ. ಅದರ ಸಂದಿಯಲ್ಲಿ ಮೀನು ಮರಿ ಮಾಡುತ್ತದೆ, ಅದನ್ನು ಹುಡುಕಿ ದೊಡ್ಡ ಮೀನು ಬರುತ್ತದೆ, ಆಮೆ ಬರುತ್ತದೆ. ಮೇಲೆ ಒಂದು ಬಲೆ ಬಿದ್ದು ಮುಚ್ಚಿಕೊಂಡರೆ ಹವಳಕ್ಕೆ ಬೆಳಕು ಸಿಗುವುದಿಲ್ಲ, ನೀರಿನ ಅಲೆಗೆ ಬಲೆ ಉಜ್ಜಿ ಉಜ್ಜಿ ಗೂಡು ಮುರಿಯುತ್ತದೆ.

ನೇತ್ರಾಣಿಯ ಸುತ್ತ ಕೆಲವೊಮ್ಮೆ ತಿಮಿಂಗಿಲ ಶಾರ್ಕ್ ಕಾಣಿಸಿಕೊಳ್ಳುತ್ತದೆ. ಪ್ರಪಂಚದ ಅತಿ ದೊಡ್ಡ ಮೀನು ಅದು. 40 ಅಡಿಯವರೆಗೂ ಬೆಳೆಯುತ್ತದೆ, ಆದರೆ ಮನುಷ್ಯನ ತಂಟೆಗೆ ಬರುವುದಿಲ್ಲ, ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು. 2001ರಿಂದ ನಮ್ಮ ದೇಶದ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ. ಬಿಳಿಗಿರಿರಂಗನ ಬೆಟ್ಟದ ಹುಲಿಯನ್ನು ಮೈಮೇಲಿನ ಪಟ್ಟೆ ನೋಡಿ ಇದು ಇಂಥದ್ದೇ ಹುಲಿ ಅಂತ ಅರಣ್ಯ ಇಲಾಖೆಯವರು ಗುರುತಿಸುತ್ತಾರಲ್ಲ, ಹಾಗೆಯೇ ತಿಮಿಂಗಿಲ ಶಾರ್ಕನ್ನು ಅದರ ಮೈಮೇಲಿನ ಚುಕ್ಕೆಗಳಿಂದ ಗುರುತಿಸಬಹುದು. ಅದಕ್ಕೆ ಬೇಕಾದ ಫೋಟೋಗಳಲ್ಲಿ ಎಷ್ಟೋ ವಿಜ್ಞಾನಿಗಳು ತೆಗೆದದ್ದಲ್ಲ. ಖುಷಿಗೆ ಅಂತ ನೀರಿಗೆ ಇಳಿದ ಸಾಮಾನ್ಯ ಜನ ತೆಗೆದದ್ದು.

ಅವರು ಕಸ ಎತ್ತುವ ಕ್ರಮ

ಡೈವಿಂಗ್ ಕಲಿತವರು ಪ್ರಪಂಚದ ನಾನಾ ಕಡೆ ತಮ್ಮ ಬಿಡುವಿನ ದಿನ, ತಮ್ಮ ಕೈಯಿಂದ ಖರ್ಚು ಮಾಡಿಕೊಂಡು ಕಸ ಎತ್ತುತ್ತಾರೆ. 2019ರ ಜೂನ್‌ನಲ್ಲಿ ಅಮೆರಿಕದ ಫ್ಲಾರಿಡಾದ ಒಂದು ಬೀಚಿನಲ್ಲಿ 633 ಮಂದಿ ಒಂದೇ ದಿನ ನೀರಿಗೆ ಇಳಿದು ಕಸ ತೆಗೆದರು, ಗಿನ್ನೆಸ್ ದಾಖಲೆಯೂ ಆಯಿತು. ನಮಗೆ ಆ ದಾಖಲೆ ಮುಖ್ಯ ಅಲ್ಲ. ಮುಖ್ಯವಾದದ್ದು ಅವರ ಕೆಲಸದ ರೀತಿ.

‘ಡೈವ್ ಅಗೇನ್ಸ್ಟ್ ಡೆಬ್ರಿ’ ಅಂತ ಒಂದು ಕಾರ್ಯಕ್ರಮ 2011ರಲ್ಲಿ ಶುರುವಾಯಿತು. ಕಸದ ವಿರುದ್ಧ ಮುಳುಗುವುದು ಅಂತ ಅದರ ಅರ್ಥ. ಅದರಲ್ಲಿ ಕಸ ಎತ್ತಿದರೆ ಅರ್ಧ ಕೆಲಸ ಅಷ್ಟೇ. ದಡಕ್ಕೆ ತಂದ ಮೇಲೆ ಅದನ್ನು ಹರಡಿ, ಬೇರೆ ಬೇರೆ ಮಾಡಿ, ಎಣಿಸಿ, ತೂಕ ಹಾಕಿ, ಯಾವ ಜಾಗದಲ್ಲಿ ಏನು ಎಷ್ಟು ಸಿಕ್ಕಿತು ಅಂತ ಬರೆಯಬೇಕು. ಬಲೆ ಎಷ್ಟು, ಗಾಜು ಎಷ್ಟು, ಪ್ಲಾಸ್ಟಿಕ್ ಬಾಟಲಿ ಎಷ್ಟು. ಕಸದಲ್ಲಿ ಸಿಕ್ಕಿಕೊಂಡ ಪ್ರಾಣಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಇನ್ನೂ ಒಂದು ನಿಯಮ ಅವರಲ್ಲಿದೆ. ಬಹಳ ದಿನದಿಂದ ಬಿದ್ದಿರುವ ವಸ್ತುವಿನ ಮೇಲೆ ಹವಳವೋ ಬೇರೆ ಜೀವಿಯೋ ಬೆಳೆದುಬಿಟ್ಟಿದ್ದರೆ ಅದನ್ನು ಕೀಳಬಾರದು, ಅಲ್ಲೇ ಬಿಡಬೇಕು. ಒಬ್ಬೊಬ್ಬರೇ ಇಳಿಯಬಾರದು, ಜೋಡಿಯಾಗಿಯೇ ಇಳಿಯಬೇಕು. ಭಾರ ಎತ್ತುವ ಹುಮ್ಮಸ್ಸಿನಲ್ಲಿ ಗಾಳಿ ಎಷ್ಟು ಉಳಿದಿದೆ ಅನ್ನುವುದು ಮರೆಯಬಾರದು. ಸೇವೆ ಮಾಡುವವರಿಗೂ ಶಿಸ್ತು ಬೇಕು ಅನ್ನುವುದನ್ನು ಇದರಿಂದ ಕಲಿಯಬಹುದು.

ನಮ್ಮ ನದಿಯ ತಳದಲ್ಲಿ ಯಾರಿದ್ದಾರೆ

ಈಗ ನಮ್ಮ ಕಡೆಗೆ ಬರೋಣ. ತಲಕಾವೇರಿಯಿಂದ ಪೂಂಪುಹಾರ್‌ವರೆಗೆ ಸುಮಾರು 800 ಕಿಲೋಮೀಟರ್ ಹರಿಯುವ ನದಿಯಲ್ಲಿ ಅತಿ ಕಾಡಿನ, ಅತಿ ಆಳದ ಮಡುಗಳಿರುವ ಭಾಗ ನಮ್ಮದು. ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿ ಅಂತ ಎರಡಾಗಿ ಬಿದ್ದು, ಅಲ್ಲಿಂದ ಕಾಡಿನ ಕಣಿವೆ ಹಿಡಿದು, ಹನೂರು ತಾಲ್ಲೂಕಿನ ಅಂಚಿನಲ್ಲಿ ಹರಿದು ಗೋಪಿನಾಥಂ ಆಚೆ ಹೊಗೇನಕಲ್ ಸೇರುತ್ತದೆ. ಈ ಕಣಿವೆಗೆ 1987ರಲ್ಲಿ ಕಾವೇರಿ ವನ್ಯಜೀವಿಧಾಮ ಅಂತ ರಕ್ಷಣೆ ಸಿಕ್ಕಿತು. ಯಳಂದೂರಿನ ಸುವರ್ಣಾವತಿ ಕೊಳ್ಳೇಗಾಲದ ಬಳಿ ಕಾವೇರಿಗೆ ಸೇರುತ್ತದೆ. ಮಹದೇಶ್ವರ ಬೆಟ್ಟದ ಆಚೆ ಪಾಲಾರ್ ಹಳ್ಳ ಸೇರುತ್ತದೆ. ಅಂದರೆ ಮೂರು ತಾಲ್ಲೂಕಿನ ನೀರೂ, ಆ ನೀರಿಗೆ ಬಿದ್ದದ್ದೂ ಕೊನೆಗೆ ಇಲ್ಲಿಗೇ ಬರಬೇಕು.

ಈ ಮಡುಗಳಲ್ಲಿ ಇರುವವರು ನೇತ್ರಾಣಿಯವರಿಗಿಂತ ಕಡಿಮೆಯವರಲ್ಲ. ಬಿಳಿಮೀನು ಅಂತ ನಾವು ಕರೆಯುವ, ಕಿತ್ತಳೆ ಬಣ್ಣದ ರೆಕ್ಕೆಯ, ಬೆನ್ನು ಉಬ್ಬಿದ ಮಹಶೀರ್ ಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದ ಬೇರೆ ಯಾವ ನದಿಯಲ್ಲೂ ಸ್ವಾಭಾವಿಕವಾಗಿ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು, ಅಂದರೆ ಸುಮಾರು 54 ಕಿಲೋ, ಒಬ್ಬ ಮನುಷ್ಯನ ತೂಕ. ಇಷ್ಟು ಹೆಸರುವಾಸಿಯಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ತೀರ್ಮಾನವಾದದ್ದು 2018ರಲ್ಲಿ. ಅದೇ ವರ್ಷ ಅದು ಪೂರ್ತಿ ಅಳಿಯುವ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಸಿಕ್ಕಿದ ವರ್ಷವೇ ಅಪಾಯದ ಪಟ್ಟಿಗೂ ಬಂತು.

ಜೊತೆಗೆ ನೀರುನಾಯಿ ಇದೆ. ಐದಾರು ಒಟ್ಟಿಗೆ ಬಂಡೆ ಮೇಲೆ ಬಂದು ಕೂರುತ್ತವೆ, ಮೀನು ಕಚ್ಚಿಕೊಂಡು ಕಿರುಚಾಡುತ್ತವೆ. ಮೊಸಳೆ ಇದೆ. ಮೆದು ಚಿಪ್ಪಿನ ದೊಡ್ಡ ಆಮೆ ಇದೆ. ಮೇಲೆ ಮೀನು ಹಿಡಿಯುವ ಹದ್ದು ಇದೆ. ಇವುಗಳಲ್ಲಿ ನೀರುನಾಯಿ, ಆಮೆ, ಮೊಸಳೆ ಮೂರೂ ನೀರಲ್ಲಿ ಬದುಕಿದರೂ ಉಸಿರಾಡುವುದು ಮೇಲಿನ ಗಾಳಿ. ನೀರೊಳಗೆ ಬಲೆಗೆ ಸಿಕ್ಕಿಕೊಂಡರೆ ಅವು ಹಸಿವಿನಿಂದ ಸಾಯುವುದಿಲ್ಲ, ಮುಳುಗಿ ಸಾಯುತ್ತವೆ.

ಆದ್ದರಿಂದಲೇ ಬಾಟಲಿಗಿಂತ ಮೊದಲು ಬಲೆಯ ಮಾತು ಆಡಬೇಕು ಅನ್ನುತ್ತೇವೆ. ಬಾಟಲಿ ಕಣ್ಣಿಗೆ ಕಾಣುತ್ತದೆ, ಬೈಸಿಕೊಳ್ಳುತ್ತದೆ. ಬಲೆ ಕಾಣುವುದಿಲ್ಲ. ನೈಲಾನ್ ದಾರದ ತೆಳು ಬಲೆ ಕಲ್ಲಿಗೆ ಸಿಕ್ಕಿ ಹರಿದರೆ, ಇಲ್ಲವೇ ಪ್ರವಾಹಕ್ಕೆ ಕೊಚ್ಚಿ ಹೋದರೆ, ಒಡೆಯ ಅದನ್ನು ಬಿಟ್ಟು ಬರುತ್ತಾನೆ. ಬಲೆ ಮಾತ್ರ ತನ್ನ ಕೆಲಸ ಬಿಡುವುದಿಲ್ಲ. ಕೊಳೆಯುವುದಿಲ್ಲ, ತಳದಲ್ಲಿ ಹಿಡಿಯುತ್ತಲೇ ಇರುತ್ತದೆ. ಹೀಗೆ ಒಡೆಯನಿಲ್ಲದೆ ಬೇಟೆ ಆಡುವ ಬಲೆಗೆ ಸಮುದ್ರದ ಕಡೆಯವರು ‘ಗೋಸ್ಟ್ ನೆಟ್’ ಅಂತಾರೆ, ಅಂದರೆ ದೆವ್ವದ ಬಲೆ. ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡ ಮೀನೆಲ್ಲ ಮಡುವಿಗೆ ಸೇರುತ್ತವೆ. ಅಂಥ ಒಂದು ಮಡುವಿನಲ್ಲಿ ಒಂದು ದೆವ್ವದ ಬಲೆ ಇದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇದು ಸಮುದ್ರದ ಕಥೆ, ನದಿಗೆ ಅನ್ವಯ ಇಲ್ಲ ಅಂತ ಕೆಲವರು ಹೇಳಬಹುದು. ಗಂಗಾ ನದಿಯಲ್ಲಿ ಒಂದು ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯಿತು. ನದಿಗೆ ಬಿಟ್ಟ ಹಳೆ ಬಲೆಗಳಿಂದ ಯಾವ ಪ್ರಾಣಿಗೆ ಹೆಚ್ಚು ಅಪಾಯ ಅಂತ ನೋಡಿದಾಗ ಪಟ್ಟಿಯ ಮೇಲೆ ಬಂದದ್ದು ಆಮೆ, ಗಂಗೆಯ ಡಾಲ್ಫಿನ್, ನೀರುನಾಯಿ. ಬಲೆ ಯಾಕೆ ನದಿಗೆ ಬೀಳುತ್ತದೆ ಅಂತ ಅಲ್ಲಿನ ಮೀನುಗಾರರನ್ನು ಕೇಳಿದಾಗ ಗೊತ್ತಾದ ಒಂದು ಕಾರಣ ಬಹಳ ಸರಳ: ಹರಿದ ಬಲೆ ಹಾಕಲು ಬೇರೆ ಜಾಗ ಇಲ್ಲ. ನಮ್ಮ ಕೊಳ್ಳೇಗಾಲದಲ್ಲೂ ಹರಿದ ಬಲೆಯನ್ನು ಇಲ್ಲಿ ತಂದು ಕೊಡಿ ಅಂತ ಬೋರ್ಡ್ ಹಾಕಿದ ಜಾಗ ನಾವು ಕಂಡಿಲ್ಲ.

ಸಿಲಿಂಡರ್ ಇಲ್ಲಿ ನಡೆಯುವುದಿಲ್ಲ

ಹಾಗಾದರೆ ನೇತ್ರಾಣಿಯ ಡೈವರ್‌ಗಳನ್ನು ಕರೆಸಿ ಇಲ್ಲಿ ಮುಳುಗಿಸಿಬಿಡೋಣ ಅಂತ ಅನ್ನಿಸಬಹುದು. ಬೇಡ. ನೇತ್ರಾಣಿಯಲ್ಲಿ ನೀರು ತಿಳಿಯಾಗಿದ್ದ ದಿನ ಹತ್ತು ಹದಿನೈದು ಮೀಟರ್ ದೂರದ ಮೀನೂ ಕಾಣುತ್ತದೆ. ನಮ್ಮ ಮಡುವಿನಲ್ಲಿ ಚಾಚಿದ ಕೈಯೇ ಕಾಣದ ದಿನಗಳಿವೆ. ಸೆಳೆತ ಇದೆ, ಸುಳಿ ಇದೆ, ಬಂಡೆಯ ಕೆಳಗೆ ಗುಹೆಯಂಥ ಸಂದಿ ಇದೆ, ಮೊಸಳೆ ಇದೆ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಮಟ್ಟ ಏಕಾಏಕಿ ಏರುತ್ತದೆ.

ನದಿಯ ಸೆಳೆತಕ್ಕೆ ಎಷ್ಟು ಬಲ ಇದೆ ಅಂತ 2024ರಲ್ಲಿ ಇಡೀ ರಾಜ್ಯ ನೋಡಿದೆ. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿಗೆ ಬಿತ್ತು. ನೌಕಾಪಡೆಯ ಮುಳುಗು ತಜ್ಞರು ಬಂದರು. ಉಡುಪಿಯ ಈಶ್ವರ್ ಮಲ್ಪೆಯವರೂ ತಮ್ಮವರ ಜೊತೆ ಬಂದು ಇಳಿದರು. ಆದರೂ ಲಾರಿ ಸಿಕ್ಕಿದ್ದು ಎರಡು ತಿಂಗಳು ಕಳೆದು, ಸೆಳೆತ ಇಳಿದು, ಹೂಳೆತ್ತುವ ಡ್ರೆಜರ್ ಬಂದ ಮೇಲೆ, ಸೆಪ್ಟೆಂಬರ್ ಕೊನೆಗೆ. ಅಂಥವರಿಗೇ ಕಷ್ಟವಾದ ನೀರಿನಲ್ಲಿ ಕಸಕ್ಕಾಗಿ ಒಬ್ಬರ ಜೀವವನ್ನೂ ಪಣಕ್ಕೆ ಇಡಬಾರದು. ಈ ಬರಹ ಓದಿ ಯಾವ ಹುಡುಗರೂ ಮಡುವಿಗೆ ಹಾರಬೇಡಿ. ಶಿವನಸಮುದ್ರದ ನೀರು ಈಗಾಗಲೇ ಸಾಕಷ್ಟು ಮನೆಗಳ ಮಕ್ಕಳನ್ನು ತೆಗೆದುಕೊಂಡಿದೆ.

ನಮಗೆ ಇರುವ ಅನುಕೂಲ ಬೇರೆ. ಸಮುದ್ರದ ತಳ ಯಾವತ್ತೂ ಮೇಲೆ ಬರುವುದಿಲ್ಲ. ನಮ್ಮ ನದಿಯ ತಳ ವರ್ಷಕ್ಕೊಮ್ಮೆ ತಾನೇ ಮೇಲೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾವೇರಿ ಇಳಿದು ಬಂಡೆಗಳೆಲ್ಲ ಎದ್ದು ಕಾಣುತ್ತವೆ. ಸುವರ್ಣಾವತಿಯಲ್ಲಿ ಎಷ್ಟೋ ಕಡೆ ನಡೆದೇ ದಾಟಬಹುದು. ಮಳೆಗಾಲದಲ್ಲಿ ಹತ್ತಾಳು ಆಳದಲ್ಲಿದ್ದ ಬಲೆ ಆಗ ಬಂಡೆಗೆ ಒಣಗಿ ನೇತಾಡುತ್ತಿರುತ್ತದೆ. ಗಾಜಿನ ಚೂರು ಮರಳಿನ ಮೇಲೇ ಇರುತ್ತದೆ. ಮುಂಗಾರು ಹಿಡಿದು ಮೇಲಿಂದ ನೀರು ಬರುವ ಮೊದಲು ಸಿಗುವ ಆ ಕೆಲವು ದಿನಗಳೇ ನಮ್ಮ ಸ್ಕೂಬಾ ಸೀಸನ್. ಆ ದಿನ ತಪ್ಪಿದರೆ ಎಲ್ಲವೂ ಮತ್ತೆ ನೀರಿನ ಅಡಿಗೆ, ಇಲ್ಲವೇ ಹೊಗೇನಕಲ್ ದಾಟಿ ಮೆಟ್ಟೂರು ಹಿನ್ನೀರಿಗೆ.

ಸ್ವಯಂಸೇವೆ ಬೇಡ, ಕೂಲಿ ಕೊಡಿ

ಇಲ್ಲಿ ನಮ್ಮ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಸ್ವಚ್ಛತಾ ಕಾರ್ಯಕ್ರಮ ಅಂದರೆ ಸ್ವಯಂಸೇವೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಶಾಲಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೆ ಗ್ಲೌಸ್ ಹಾಕಿಸಿ, ಬ್ಯಾನರ್ ಹಿಡಿಸಿ, ಒಂದು ಗಂಟೆ ಕಸ ಆರಿಸಿ, ಫೋಟೋ ತೆಗೆದು, ಟಿಫಿನ್ ಕೊಟ್ಟು ಕಳಿಸುವುದು. ಅದರಿಂದ ಮಕ್ಕಳಿಗೆ ಒಂದು ತಿಳಿವಳಿಕೆ ಬರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಬಂಡೆ ಸಂದಿಗೆ ಸಿಕ್ಕಿದ ಬಲೆ ಬಿಡಿಸುವುದು ಮಕ್ಕಳ ಕೆಲಸ ಅಲ್ಲ.

ಸಮುದ್ರದಲ್ಲಿ ಮುಳುಗುವ ಸ್ವಯಂಸೇವಕರು ಹೆಚ್ಚಿನವರು ಸಂಬಳದ ಕೆಲಸದಲ್ಲಿರುವ ಪೇಟೆಯವರು. ಡೈವಿಂಗ್ ಕಲಿಯಲು, ಸಲಕರಣೆಗೆ, ದೋಣಿಗೆ ಅವರೇ ಸಾವಿರಾರು ರೂಪಾಯಿ ಕೊಡಬಲ್ಲರು. ಭಾನುವಾರ ಕಸ ಎತ್ತಿ ಸೋಮವಾರ ಆಫೀಸಿಗೆ ಹೋಗಬಲ್ಲರು. ನಮ್ಮಲ್ಲಿ ನೀರು ಗೊತ್ತಿರುವವರು ಯಾರು? ತೆಪ್ಪ ಹಾಕುವವರು, ಮೀನು ಹಿಡಿಯುವವರು. ಎಲ್ಲಿ ಸುಳಿ, ಎಲ್ಲಿ ಮೊಸಳೆ ಬಿಸಿಲು ಕಾಯುತ್ತದೆ, ಯಾವ ಬಂಡೆಗೆ ಬಲೆ ಸಿಕ್ಕುತ್ತದೆ ಅಂತ ಅವರಿಗೆ ಬಾಯಿಪಾಠ. ಯಾರಾದರೂ ನೀರುಪಾಲಾದರೆ ಅಗ್ನಿಶಾಮಕದವರ ಜೊತೆ ತೆಪ್ಪದವರನ್ನೂ ಈಜುಗಾರರನ್ನೂ ಕರೆಯುತ್ತಾರೆ. ಹೆಣ ಎತ್ತಲು ಬೇಕು, ಊರು ಮೆಚ್ಚಲು ಬೇಕು, ಆದರೆ ಅವರ ವಿದ್ಯೆಗೆ ಬೆಲೆ ಕಟ್ಟಿದವರಿಲ್ಲ. ಅವರಿಗೆ ಒಂದು ದಿನ ಹೋದರೆ ಒಂದು ದಿನದ ಊಟ ಹೋಗುತ್ತದೆ. ಅವರನ್ನು ಬಿಟ್ಟಿ ಕೆಲಸಕ್ಕೆ ಕರೆದು ಅದಕ್ಕೆ ಸೇವೆ ಅಂತ ಹೆಸರಿಡುವುದು ನ್ಯಾಯ ಅಲ್ಲ.

ಕೂಲಿ ಕೊಟ್ಟರೆ, ಕಸಕ್ಕೆ ಬೆಲೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಇವೆ. ಫಿಲಿಪ್ಪೀನ್ಸ್ ದೇಶದ ಮೀನುಗಾರರ ಹಳ್ಳಿಗಳಲ್ಲಿ 2012ರಿಂದ ಒಂದು ಯೋಜನೆ ನಡೆಯಿತು. ಹಳೆ ನೈಲಾನ್ ಬಲೆಯನ್ನು ಜನರಿಂದ ತೂಕಕ್ಕೆ ಕೊಂಡು, ಅದರಿಂದ ನೂಲು ಮಾಡಿ, ನೆಲಕ್ಕೆ ಹಾಸುವ ಕಾರ್ಪೆಟ್ ಮಾಡುವ ಕಂಪನಿಗೆ ಕೊಡುತ್ತಿದ್ದರು. ದೂರ ಯಾಕೆ, ಪಕ್ಕದ ಕೇರಳದ ಕೊಲ್ಲಂನಲ್ಲಿ 2017ರಲ್ಲಿ ‘ಶುಚಿತ್ವ ಸಾಗರಂ’ ಅಂತ ಶುರುವಾಯಿತು. ಬಲೆಗೆ ಮೀನಿನ ಜೊತೆ ಸಿಕ್ಕ ಪ್ಲಾಸ್ಟಿಕ್ಕನ್ನು ಮೀನುಗಾರರು ಮತ್ತೆ ಸಮುದ್ರಕ್ಕೆ ಎಸೆಯದೆ ಬಂದರಿಗೆ ತರುತ್ತಾರೆ. ಅಲ್ಲಿ ಹೆಂಗಸರು ಅದನ್ನು ತೊಳೆದು ವಿಂಗಡಿಸುತ್ತಾರೆ, ಅದು ಅವರಿಗೆ ಕೆಲಸ. ಪುಡಿ ಮಾಡಿದ ಪ್ಲಾಸ್ಟಿಕ್ ರಸ್ತೆಯ ಡಾಂಬರಿಗೆ ಹೋಗುತ್ತದೆ. ನಮ್ಮ ಮಹದೇಶ್ವರ ಬೆಟ್ಟದಲ್ಲೇ ಕಾಡನ್ನು ನುಂಗುತ್ತಿರುವ ಲಂಟಾನ ಕಡ್ಡಿಯಿಂದ ಸೋಲಿಗರು ಕುರ್ಚಿ, ಬುಟ್ಟಿ ಮಾಡಿಲ್ಲವೇ? ಬೇಡದ್ದನ್ನು ತೆಗೆಯುವ ಕೆಲಸಕ್ಕೆ ದುಡ್ಡು ಸಿಕ್ಕರೆ ಜನ ತಾವಾಗಿಯೇ ಬರುತ್ತಾರೆ.

ಕಸ ಹಾಕಲು ಜಾಗವೂ ಈಗ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಒಣಕಸ ವಿಂಗಡಿಸಲು ‘ಸ್ವಚ್ಛ ಸಂಕೀರ್ಣ’ ಘಟಕ ಕಟ್ಟಿಸುತ್ತಿದ್ದಾರೆ, ಹೆಣ್ಣುಮಕ್ಕಳೇ ಓಡಿಸುವ ‘ಸ್ವಚ್ಛ ವಾಹಿನಿ’ ಗಾಡಿ ಬರುತ್ತಿದೆ. ಆ ಗಾಡಿ ಬೀದಿಗೆ ಬರುವಂತೆ ವಾರಕ್ಕೊಮ್ಮೆ ನದಿಯ ಕಡವಿಗೂ ಬರಲಿ. ಹರಿದ ಬಲೆ ತಂದವರಿಗೆ ಕಿಲೋಗೆ ಇಷ್ಟು ಅಂತ ಕೈಗೆ ಕೊಡಲಿ. ಬಲೆ ತಂದವನನ್ನು ‘ಎಲ್ಲಿ ಹಾಕಿದ್ದೆ, ಲೈಸೆನ್ಸ್ ಇದೆಯಾ’ ಅಂತ ಮೊದಲ ದಿನವೇ ಹೆದರಿಸಿದರೆ ಎರಡನೇ ದಿನ ಒಬ್ಬರೂ ಬರುವುದಿಲ್ಲ. ಸಿಡಿಮದ್ದು ಹಾಕಿ ಮೀನು ಕೊಲ್ಲುವವರ ಮೇಲೆ ಕೇಸು ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಳೆ ಬಲೆ ವಾಪಸ್ ತರುವವನು ಮಾತ್ರ ಅಪರಾಧಿ ಅಲ್ಲ.

ನೀರಿಗೆ ಲೆಕ್ಕ ಇದೆ, ಕಸಕ್ಕೆ ಇಲ್ಲ

ಕಾವೇರಿಯ ನೀರಿನ ಲೆಕ್ಕ ನಮ್ಮಷ್ಟು ಗೊತ್ತಿರುವವರು ಯಾರು? 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟು ವರ್ಷಕ್ಕೆ 177.25 ಟಿಎಂಸಿ ನೀರು ತಮಿಳುನಾಡಿಗೆ ಹೋಗಬೇಕು ಅಂತ ಹೇಳಿತು. ಅದನ್ನು ಅಳೆಯುವುದು ನಮ್ಮ ಗಡಿಯ ಬಿಳಿಗುಂಡ್ಲುವಿನಲ್ಲಿ. ಅಲ್ಲಿ ದಿನದ ಲೆಕ್ಕ ಬರೆಯುತ್ತಾರೆ. ಒಂದು ಟಿಎಂಸಿ ಹೆಚ್ಚುಕಡಿಮೆಯಾದರೂ ಎರಡು ರಾಜ್ಯದಲ್ಲಿ ಸದ್ದಾಗುತ್ತದೆ, ಬಂದ್ ಆಗುತ್ತದೆ. ಅದೇ ನೀರಿನ ಜೊತೆ ನಮ್ಮ ಮೂರು ತಾಲ್ಲೂಕಿನಿಂದ ಎಷ್ಟು ಬಲೆ, ಎಷ್ಟು ಬಾಟಲಿ, ಎಷ್ಟು ಬಟ್ಟೆ ಹೋಯಿತು ಅಂತ ಬರೆದ ಪುಸ್ತಕ ಎಲ್ಲಿದೆ? ಹೊಳೆಗೆ ಸುರಿದರೂ ಅಳೆದು ಸುರಿ ಅಂತ ಹಿರಿಯರ ಗಾದೆ. ನಾವು ಅಳೆಯದೇ ಸುರಿಯುತ್ತಿದ್ದೇವೆ.

‘ನಮ್ಮದು ಸಣ್ಣ ಹೊಳೆ, ನಮ್ಮಿಂದ ಏನಾಗುತ್ತದೆ’ ಅನ್ನುವ ಮಾತಿಗೂ ಉತ್ತರ ಬಂದಿದೆ. ನದಿಗಳಿಂದ ಸಮುದ್ರ ಸೇರುವ ಪ್ಲಾಸ್ಟಿಕ್ಕು ಹತ್ತಾರು ದೊಡ್ಡ ನದಿಗಳದ್ದೇ ಅಂತ ಹಿಂದೆ ತಿಳಿದಿದ್ದರು. 2021ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಲ್ಲಿ ಅದರ 80 ಭಾಗ ಬರುವುದು ಸಾವಿರಕ್ಕೂ ಹೆಚ್ಚು ನದಿಗಳಿಂದ, ಅವುಗಳಲ್ಲಿ ಊರು ಪೇಟೆಗಳ ಪಕ್ಕ ಹರಿಯುವ ಸಣ್ಣ ನದಿಗಳೇ ಬಹಳ. ಸಮುದ್ರದ ತಳದಲ್ಲಿ ಸ್ವಯಂಸೇವಕರು ಎತ್ತುವ ಚೀಲಕ್ಕೆ ಹಳ್ಳಗಳಿಂದಲೂ ಕಸ ಬೀಳುತ್ತಿದೆ.

ಲೆಕ್ಕ ಬರೆದರೆ ಏನು ಲಾಭ? ಕಸ ಎಲ್ಲಿಂದ ಬರುತ್ತದೆ ಅಂತ ಕಸವೇ ಹೇಳುತ್ತದೆ. ಭರಚುಕ್ಕಿಯ ಕೆಳಗೆ ಸಿಕ್ಕಿದ್ದರಲ್ಲಿ ಮದ್ಯದ ಬಾಟಲಿ ಹೆಚ್ಚಿದ್ದರೆ ಕೆಲಸ ಇರುವುದು ಪ್ರವಾಸಿಗರ ಗೇಟಿನಲ್ಲಿ. ಶಿವರಾತ್ರಿ ಕಳೆದ ಮೇಲೆ ಕನಕಪುರದ ಕಡೆಯಿಂದ ನದಿ ದಾಟಿ ಶಾಗ್ಯದ ಮೇಲೆ ಬೆಟ್ಟಕ್ಕೆ ಬರುವ ಪಾದಯಾತ್ರಿಗಳ ದಾರಿಯಲ್ಲಿ ನೀರಿನ ಬಾಟಲಿ, ಊಟದ ತಟ್ಟೆ ಹೆಚ್ಚಿದ್ದರೆ ಕೆಲಸ ಇರುವುದು ಅನ್ನದಾನ ಮಾಡುವವರ ಹತ್ತಿರ. ಅವರು ಮಾದಪ್ಪನ ಭಕ್ತರೇ, ಹೇಳಿದರೆ ಕೇಳುತ್ತಾರೆ. ಸ್ನಾನದ ಕಡವಿನಲ್ಲಿ ಬಟ್ಟೆ ಹೆಚ್ಚಿದ್ದರೆ ಕೆಲಸ ಇರುವುದು ತಿಥಿ ಮಾಡಿಸುವ ಪುರೋಹಿತರ ಹತ್ತಿರ. ಉಟ್ಟ ಬಟ್ಟೆ ದಡದ ತೊಟ್ಟಿಗೆ ಹಾಕಿದರೂ ಕರ್ಮ ಕಳೆಯುತ್ತದೆ ಅಂತ ಅವರು ಒಂದು ಮಾತು ಹೇಳಿದರೆ ನೂರು ಬೋರ್ಡಿಗಿಂತ ಹೆಚ್ಚು ಕೆಲಸ ಆಗುತ್ತದೆ. ಲೆಕ್ಕ ಇಲ್ಲದಿದ್ದರೆ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಕಂಡ ಪ್ರಾಣಿಯನ್ನೂ ಬರೆಯಬೇಕು. ಎಲ್ಲಿ ನೀರುನಾಯಿ ಹೆಜ್ಜೆ, ಎಷ್ಟು, ಎಲ್ಲಿ ಆಮೆ, ಎಲ್ಲಿ ಸತ್ತ ಬಿಳಿಮೀನು, ಯಾವ ಕಾರಣಕ್ಕೆ. ಮೂರು ವರ್ಷ ಬರೆದರೆ ಬಲೆ ತೆಗೆದ ಮಡುವಿಗೆ ನೀರುನಾಯಿ ವಾಪಸ್ ಬಂತೋ ಇಲ್ಲವೋ ಅಂತ ನಮ್ಮ ಊರಿನವರೇ ಹೇಳಬಹುದು. ಐನ್ಯಾಚುರಲಿಸ್ಟ್‌ನಂಥ ಆ್ಯಪ್ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ, ಫೋಟೋ ಹಾಕಿದರೆ ಯಾವ ಪ್ರಾಣಿ ಅಂತ ತಿಳಿದವರು ಹೇಳುತ್ತಾರೆ. ಒಂದು ಎಚ್ಚರಿಕೆ: ಮಹಶೀರ್ ಇರುವ ಮಡು, ನೀರುನಾಯಿ ಮರಿ ಹಾಕಿದ ಜಾಗ ಇವನ್ನು ಸ್ಟೇಟಸ್‌ನಲ್ಲಿ ಲೊಕೇಷನ್ ಸಮೇತ ಹಾಕಬೇಡಿ. ನೋಡಿ ಖುಷಿ ಪಡುವವರ ಜೊತೆ ಹಿಡಿಯುವವರೂ ಅದನ್ನು ನೋಡುತ್ತಾರೆ.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಅಲ್ಲವೇ?

ನಮ್ಮ ಸ್ನೇಹಿತರಲ್ಲೇ ಕೆಲವರ ವಾದ ಇದು. ಈ ವರ್ಷ ತೆಗೆದರೆ ಮುಂದಿನ ಮಳೆಗೆ ಮೈಸೂರಿನಿಂದ, ಮಂಡ್ಯದಿಂದ, ತಿ. ನರಸೀಪುರದಿಂದ ಮತ್ತೆ ಕಸ ಬರುತ್ತದೆ, ನಾವು ಯಾಕೆ ಅವರ ಕಸ ಎತ್ತಬೇಕು ಅಂತ. ವಾದದಲ್ಲಿ ಸತ್ಯ ಇದೆ. ಫ್ಲಾರಿಡಾದವರೂ ಆ ಕೆಲಸವನ್ನು ಪ್ರತಿ ವರ್ಷ ಮಾಡುತ್ತಾರೆ, ಪ್ರತಿ ವರ್ಷ ಕಸ ಸಿಗುತ್ತದೆ. 2018, 2019ರ ಪ್ರವಾಹದಲ್ಲಿ ದಾಸನಪುರ, ಮುಳ್ಳೂರು, ಹಳೇ ಹಂಪಾಪುರದ ಕಡೆ ಗದ್ದೆಗೆ ನುಗ್ಗಿದ ನೀರು ನಮ್ಮದೊಂದೇ ಕಸ ತಂದಿರಲಿಲ್ಲ.

ಆದರೂ ಎರಡು ಉತ್ತರ ಇದೆ. ಒಂದು, ಬಾಟಲಿ ಪ್ರತಿ ವರ್ಷ ಬರಬಹುದು, ಆದರೆ ಮಡುವಿನ ಬಲೆ ಹಾಗಲ್ಲ. ಒಂದು ಬಲೆ ತೆಗೆದರೆ ಆ ಬಲೆ ಮುಂದೆ ಕೊಲ್ಲಬೇಕಿದ್ದ ಎಲ್ಲವೂ ಉಳಿಯುತ್ತದೆ. ಅಳಿವಿನ ಅಂಚಿನಲ್ಲಿರುವ ಮೀನಿನ ವಿಷಯದಲ್ಲಿ ಮೊಟ್ಟೆ ತುಂಬಿದ ಒಂದೇ ಹೆಣ್ಣು ಮೀನು ಉಳಿದರೂ ಅದು ಸಣ್ಣ ಲಾಭ ಅಲ್ಲ. ಎರಡು, ಮೇಲಿನವರ ಕಸ ಅಂತ ಹೇಳಲು ನಮ್ಮ ಕೈಯಲ್ಲಿ ಪುಸ್ತಕ ಇರಬೇಕು. ಎಣಿಸಿದವನ ಮಾತಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಬೆಲೆ ಇರುತ್ತದೆ, ಗೊಣಗಿದವನ ಮಾತಿಗಲ್ಲ.

ಹಾಗಾದರೆ ಈ ಬೇಸಿಗೆಗೆ ಏನು ಮಾಡಬಹುದು

ನದಿ, ಹಳ್ಳದ ಪಕ್ಕದ ಊರಿನವರು ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ವಿಷಯ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಒಂದು: ಮೇ ಮುಗಿಯುವ ಮೊದಲು ನಮ್ಮ ಪಂಚಾಯಿತಿ ವ್ಯಾಪ್ತಿಯ ಕಡವು, ಬಂಡೆ, ಮರಳದಿಬ್ಬಗಳಲ್ಲಿ ಬಲೆ ಮತ್ತು ಗಾಜು ತೆಗೆಸುವ ದಿನ ಗೊತ್ತು ಮಾಡಬೇಕು. ವನ್ಯಜೀವಿಧಾಮದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೆಜ್ಜೆ ಇಡುವಂತಿಲ್ಲ, ಅವರ ಸಿಬ್ಬಂದಿ ಜೊತೆಗೇ ಹೋಗಬೇಕು.

ಎರಡು: ಆ ಕೆಲಸಕ್ಕೆ ತೆಪ್ಪದವರನ್ನೂ ಮೀನುಗಾರರನ್ನೂ ದಿನಗೂಲಿ ಕೊಟ್ಟು ಕರೆಯಬೇಕು. ಲೈಫ್ ಜಾಕೆಟ್, ದಪ್ಪ ಗ್ಲೌಸ್, ಬೂಟು ಪಂಚಾಯಿತಿಯದ್ದು. ನೀರಿಗೆ ಇಳಿಯುವುದು ಎಲ್ಲಿವರೆಗೆ ಅಂತ ತೀರ್ಮಾನ ಮಾಡುವವರು ಅವರೇ, ಫೋಟೋಗೆ ಬಂದವರಲ್ಲ.

ಮೂರು: ಹರಿದ ಬಲೆ ತಂದು ಹಾಕಲು ಒಂದು ಜಾಗ, ತಂದವರಿಗೆ ತೂಕಕ್ಕೆ ದುಡ್ಡು.

ನಾಲ್ಕು: ಲೆಕ್ಕದ ಪುಸ್ತಕ. ಬರೆಯುವ ಕೆಲಸ ಹೈಸ್ಕೂಲ್ ಮಕ್ಕಳಿಗೆ ಕೊಡಿ. ದಡದಲ್ಲಿ ಕೂತು ಎಣಿಸಿ ಬರೆಯುವುದು ಅವರಿಗೆ ಅಪಾಯ ಇಲ್ಲದ ಕೆಲಸ, ಗಣಿತದ ಪಾಠವೂ ಹೌದು. ಅದನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಜೋರಾಗಿ ಓದಬೇಕು.

ಈ ಮಧ್ಯೆ ನದಿಯಲ್ಲಿ ಬಲೆಗೆ ಸಿಕ್ಕಿದ ಜೀವಂತ ನೀರುನಾಯಿ, ಆಮೆ, ಮೊಸಳೆ ಕಂಡರೆ ನೀವೇ ಬಿಡಿಸಲು ಹೋಗಬೇಡಿ, ಕಚ್ಚುತ್ತವೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಹೊಸ ಬಲೆ ಕಂಡರೆ ಕೊಯ್ಯಬೇಡಿ, ಅದು ಇನ್ನೊಬ್ಬರ ಅನ್ನ ಇರಬಹುದು, ಮೊದಲು ವಿಚಾರಿಸಿ.

ನೇತ್ರಾಣಿಯಲ್ಲಿ ಹವಳ ಉಳಿಸಲು ದುಡ್ಡಿರುವವರು ಮುಳುಗುತ್ತಾರೆ, ಅವರಿಗೆ ನಮ್ಮ ಮೆಚ್ಚುಗೆ ಇದೆ. ಬೇರೆಲ್ಲೂ ಇಲ್ಲದ ಮೀನನ್ನು ಮಡಿಲಲ್ಲಿ ಇಟ್ಟುಕೊಂಡಿರುವುದು ನಮ್ಮ ನದಿ. ಅದನ್ನು ಉಳಿಸಲು ಗೊತ್ತಿರುವ ಕೈಗಳು ನಮ್ಮ ಊರಲ್ಲೇ ಇವೆ. ಆ ಕೈಗೆ ಒಂದು ವಾರದ ಕೂಲಿ ಕೊಡಲು ಪಂಚಾಯಿತಿ ಒಪ್ಪುತ್ತದೆಯೇ ಅಂತ ಈ ಸಲದ ಗ್ರಾಮಸಭೆಯಲ್ಲಿ ಕೇಳೋಣ.